ಬಟರ್‌ವರ್ಟ್‌ನ ಹೊಸ ಎಲೆ ಸಣ್ಣದಾಗಿ ದಪ್ಪ ಆಗಿದೆ, ಅಂಟೂ ಇಲ್ಲ. ನೀರು ಜಾಸ್ತಿ ಕೊಡಬೇಕಾ?

ಬಿಜೈ ಬಾಲ್ಕನಿ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಮೆಕ್ಸಿಕನ್ ಬಟರ್‌ವರ್ಟ್ ಉಂಟು, ಎಲೆಯ ಅಂಟಿನಲ್ಲಿ ಹುಳ ಹಿಡಿದು ತಿನ್ನುವ ಗಿಡ. ಜಾತಿ ಪಿಂಗ್ವಿಕ್ಯುಲಾ ಮೊರಾನೆನ್ಸಿಸ್. ಮಳೆಗಾಲ ಪೂರ್ತಿ ತುಂಬಾ ಚೆನ್ನಾಗಿತ್ತು. ಅಗಲವಾದ ಎಲೆ, ಮೇಲೆಲ್ಲ ಅಂಟು. ಬಾಳೆಹಣ್ಣಿನ ಸುತ್ತ ಹಾರುವ ಸಣ್ಣ ನೊಣಗಳೆಲ್ಲ ಅದಕ್ಕೇ ಅಂಟಿಕೊಳ್ಳುತ್ತಿದ್ದವು. ಗುಲಾಬಿ ಬಣ್ಣದ ಹೂ ಕೂಡ ಬಿಟ್ಟಿತ್ತು. ದೀಪಾವಳಿ ಕಳೆದ ಮೇಲೆ ಬರುವ ಹೊಸ ಎಲೆಗಳು ಉಗುರಿನಷ್ಟು ಸಣ್ಣ, ದಪ್ಪ. ಮುಟ್ಟಿದರೆ ಅಂಟೇ ಇಲ್ಲ. ಹಳೆಯ ದೊಡ್ಡ ಎಲೆಗಳು ಕಂದಾಗಿ ಒಣಗುತ್ತಿವೆ.

ಅಮ್ಮ ನೀರು ಸಾಕಾಗುತ್ತಿಲ್ಲ ಎನ್ನುತ್ತಾರೆ. ಪಕ್ಕದ ಮನೆಯವರು ಒಂದು ಮುಷ್ಟಿ ಹಟ್ಟಿಗೊಬ್ಬರ ಹಾಕಿ ಎನ್ನುತ್ತಾರೆ. ಕುಂಡದಲ್ಲಿರುವುದು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು), ಅರ್ಧರ್ಧ. ಕೆಳಗಿನ ಬಟ್ಟಲಿನಲ್ಲಿ ಯಾವಾಗಲೂ ನೀರು ಇರುತ್ತದೆ. ನಳ್ಳಿ ನೀರೇ ಹಾಕುವುದು. ಪೂರ್ವ ದಿಕ್ಕಿನ ಬಾಲ್ಕನಿ, ಬೆಳಗಿನ ಬಿಸಿಲು ಬರುತ್ತದೆ. ಗಿಡ ಸಾಯುತ್ತಿದೆಯಾ? ಗೊತ್ತಿದ್ದವರು ಬೇಗ ಹೇಳಿ ಮಾರಾಯ್ರೆ.

ಕಾಪು ಕೈತೋಟ:
ಗೊಬ್ಬರ ಹಾಕಬೇಡಿ! ಉಳಿದದ್ದು ಆಮೇಲೆ ನೋಡುವ. ಮೊದಲು ಗೊಬ್ಬರದ ಮಾತು ಬಿಡಿ.

ಮಣಿಪಾಲ ಮಾಳಿಗೆ:
ಸಾಯುತ್ತಿಲ್ಲ, ಗಾಬರಿ ಬೇಡ. ಅದು ಚಳಿಗಾಲದ ವೇಷ ಹಾಕಿದೆ ಅಷ್ಟೇ.

ಮೊರಾನೆನ್ಸಿಸ್‌ಗೆ ವರ್ಷಕ್ಕೆ ಎರಡು ಬಗೆಯ ಎಲೆ. ಮಳೆಗಾಲದಲ್ಲಿ ಅಗಲವಾದ ಅಂಟಿನ ಎಲೆ, ಅದು ಹುಳ ಹಿಡಿಯುತ್ತದೆ. ಒಣ ಕಾಲದಲ್ಲಿ ಸಣ್ಣ, ರಸ ತುಂಬಿದ ಎಲೆ. ಅದಕ್ಕೆ ಬೇಟೆಯ ಕೆಲಸ ಇಲ್ಲ, ನೀರು ಹಿಡಿದಿಟ್ಟುಕೊಂಡು ಕೂರುವುದೇ ಕೆಲಸ. ಮೆಕ್ಸಿಕೋದ ಬೆಟ್ಟಗಳಲ್ಲಿ ಹೆಚ್ಚು ಕಡಿಮೆ ಮೇಯಿಂದ ಅಕ್ಟೋಬರ್‌ವರೆಗೆ ಮಳೆ. ಆಮೇಲೆ ಏಪ್ರಿಲ್‌ವರೆಗೆ ಒಣ. ನಮ್ಮ ಕರಾವಳಿಯ ಲೆಕ್ಕವೂ ಸುಮಾರು ಅದೇ ಅಲ್ವಾ? ಅದಕ್ಕೇ ನಾನು ಯಾವಾಗಲೂ ಹೇಳುವುದು, ಈ ಗಿಡಕ್ಕೆ ಮಂಗಳೂರಿನ ಕ್ಯಾಲೆಂಡರ್ ಸರಿಯಾಗಿ ಹೊಂದುತ್ತದೆ. ಹೊಂದದೇ ಇರುವುದು ಇಲ್ಲಿನ ಸೆಕೆ ಮಾತ್ರ.

ಈಗ ನೀವು ಮಾಡಬೇಕಾದದ್ದು ಅಮ್ಮ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಬಟ್ಟಲಿನ ನೀರು ಚೆಲ್ಲಿ. ಮೇಲಿನ ಮಣ್ಣು ಒಣಗಲಿ. ವಾರಕ್ಕೊಮ್ಮೆ ಕುಂಡದ ಅಂಚಿನಲ್ಲಿ ಎರಡು ಚಮಚ ನೀರು ಸಾಕು. ಈ ದಪ್ಪ ಎಲೆಯ ಗಿಡ ಒಣಗಿ ಸಾಯುವುದು ಅಪರೂಪ. ಒದ್ದೆಯಲ್ಲಿ ಕೂತರೆ ನಡುವಿನಿಂದ ಕೊಳೆಯುತ್ತದೆ, ಮತ್ತೆ ಉಳಿಸಲಿಕ್ಕೆ ಕಷ್ಟ.

ಅಂಬಲಪಾಡಿ ಅಂಗಳ:
ಇಲ್ಲಿ ಚಳಿಗಾಲ ಎಲ್ಲಿ ಉಂಟು? ಡಿಸೆಂಬರ್‌ನಲ್ಲೂ ಫ್ಯಾನ್ ಹಾಕಿ ಮಲಗುತ್ತೇವೆ. ನನ್ನ ಅಗ್ನಾಟಾ ಬಟರ್‌ವರ್ಟ್ ವರ್ಷಪೂರ್ತಿ ಅಂಟಂಟಾಗಿಯೇ ಇರುತ್ತದೆ, ವರ್ಷಪೂರ್ತಿ ನೀರು ಕೊಡುತ್ತೇನೆ. ಎಲ್ಲದಕ್ಕೂ ಒಣಗಿಸಿ ಒಣಗಿಸಿ ಎಂದು ಹೇಳುವುದು ಸರಿಯಲ್ಲ.

ಬಾಟನಿ ಓದುವವಳು:
ಅಂಬಲಪಾಡಿಯವರೇ, ನಿಮ್ಮದು ಅಗ್ನಾಟಾ, ಅವರದ್ದು ಮೊರಾನೆನ್ಸಿಸ್. ಎರಡೂ ಮೆಕ್ಸಿಕೋದ್ದೇ, ಆದರೆ ಸ್ವಭಾವ ಬೇರೆ. ಅಗ್ನಾಟಾ, ಗಿಗಾಂಟಿಯಾ ಇವು ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಬಗೆಯ ಎಲೆ ಬಿಡುತ್ತವೆ. ಮೊರಾನೆನ್ಸಿಸ್, ಎಸ್ಸೆರಿಯಾನಾ ಎರಡು ಬಗೆ ಬಿಡುತ್ತವೆ. ಆದ್ದರಿಂದ ಮೊದಲು ಯಾವ ಜಾತಿ ಎಂದು ತಿಳಿದುಕೊಂಡು ಆಮೇಲೆ ನೀರಿನ ವಿಷಯ ಮಾತಾಡಬೇಕು.

ಇನ್ನೊಂದು ವಿಷಯ. ಚಳಿ ಇಲ್ಲದಿದ್ದರೆ ವಿಶ್ರಾಂತಿ ಇಲ್ಲ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಈ ಗಿಡಗಳಿಗೆ ಮೈ ಕೊರೆಯುವ ಚಳಿ ಬೇಕಿಲ್ಲ. ಹಗಲು ಕಿರಿದಾಗುವುದು, ಮಣ್ಣು ಒಣಗುವುದು, ಅಷ್ಟೇ ಸಾಕಾಗುತ್ತದೆ.

ಅಂಬಲಪಾಡಿ ಅಂಗಳ:
ಆದರೆ ಅವರ ಬಟ್ಟಲಿನಲ್ಲಿ ನೀರು ಇದ್ದರೂ ಗಿಡ ವೇಷ ಬದಲಿಸಿದೆಯಲ್ಲ? ಮಣ್ಣು ಒಣಗಿಲ್ಲವಲ್ಲ?

ಬಾಟನಿ ಓದುವವಳು:
ಹೌದು, ಅದಕ್ಕೇ ಈಗ ಅಪಾಯ ಜಾಸ್ತಿ. ಗಿಡ ಒಣ ಕಾಲಕ್ಕೆ ತಯಾರಾಗಿದೆ, ಬೇರು ಮಾತ್ರ ನೀರಿನಲ್ಲಿ ನಿಂತಿದೆ. ಒಳಗೆ ಎಲ್‌ಇಡಿ ದೀಪದ ಕೆಳಗೆ ದಿನಕ್ಕೆ 14 ಗಂಟೆ ಬೆಳಕು ಕೊಟ್ಟು ಸದಾ ಒದ್ದೆ ಇಟ್ಟರೆ ಕೆಲವು ಗಿಡ ಅಗಲವಾದ ಅಂಟಿನ ಎಲೆಯಲ್ಲೇ ಉಳಿಯುತ್ತವೆ. ಬಾಲ್ಕನಿಯಲ್ಲಿ ಬಿಸಿಲು ನೋಡಿ ಬೆಳೆದ ಗಿಡ ತನ್ನ ಲೆಕ್ಕದಲ್ಲೇ ನಡೆಯುತ್ತದೆ.

ಹಳೆಯಂಗಡಿ ಹೊಳೆಬದಿ:
ನಡುವೆ ಒಂದು ಪ್ರಶ್ನೆ. ಇದು ಸೊಳ್ಳೆ ಹಿಡಿಯುತ್ತದಾ? ನಮ್ಮಲ್ಲಿ ಸಂಜೆ ಆರರ ಮೇಲೆ ಹೊರಗೆ ಕೂರಲಿಕ್ಕೆ ಆಗುವುದಿಲ್ಲ. ಹಿಡಿಯುತ್ತದೆ ಎಂದಾದರೆ ಹತ್ತು ಗಿಡ ತರಿಸುತ್ತೇನೆ.

ಕಾಪು ಕೈತೋಟ:
ಸೊಳ್ಳೆಗೆಂದು ತರಿಸಬೇಡಿ. ಸೊಳ್ಳೆಗೆ ಉದ್ದ ಕಾಲು, ಹೆಚ್ಚಿನವು ಬಿಡಿಸಿಕೊಂಡು ಹೋಗುತ್ತವೆ. ಬಟರ್‌ವರ್ಟ್‌ನ ಊಟ ಸಣ್ಣ ಸಣ್ಣ ನೊರಜು, ಹಣ್ಣಿನ ನೊಣ, ಕುಂಡದ ಒದ್ದೆ ಮಣ್ಣಿನಿಂದ ಏಳುವ ಕಪ್ಪು ನೊರಜು. ಆರ್ಕಿಡ್ ಬೆಳೆಸುವವರು ಈ ಕಪ್ಪು ನೊರಜಿಗೆಂದೇ ಕುಂಡಗಳ ನಡುವೆ ಒಂದೆರಡು ಬಟರ್‌ವರ್ಟ್ ಇಡುತ್ತಾರೆ. ಅಲ್ಲಿ ಅದು ನಿಜವಾಗಿ ಕೆಲಸ ಮಾಡುತ್ತದೆ.

ಬಾವಿಕಟ್ಟೆ:
ಸೊಳ್ಳೆ ಮಾತು ಬಂತಲ್ಲ, ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಈ ಗಿಡಗಳ ಬಗ್ಗೆ ಬರೆಯುವವರೆಲ್ಲ "ಬಟ್ಟಲಿನಲ್ಲಿ ನೀರು ನಿಲ್ಲಿಸಿ" ಎನ್ನುತ್ತಾರೆ. ತಂಪು ದೇಶದಲ್ಲಿ ಅದು ಸರಿ. ಮಂಗಳೂರಿನಲ್ಲಿ 2019ರ ಮಳೆಗಾಲದಲ್ಲಿ ಡೆಂಗ್ಯೂ ಹೇಗೆ ಹರಡಿತ್ತು ಎಂದು ನೆನಪಿರಬೇಕಲ್ಲ? ಡೆಂಗ್ಯೂ ಸೊಳ್ಳೆಗೆ ಕೊಳಚೆ ಬೇಡ. ಇಂಥ ಶುದ್ಧ ನೀರಿನ ಸಣ್ಣ ಬಟ್ಟಲೇ ಬೇಕು. ಮೊಟ್ಟೆಯಿಂದ ಸೊಳ್ಳೆ ಆಗಲಿಕ್ಕೆ ನಮ್ಮ ಸೆಕೆಯಲ್ಲಿ ಒಂದು ವಾರ, ಹತ್ತು ದಿನ ಸಾಕು. ಹುಳ ತಿನ್ನುವ ಗಿಡ ಸಾಕಲಿಕ್ಕೆ ಹೋಗಿ ಮನೆಯವರಿಗೆ, ನೆರೆಯವರಿಗೆ ಜ್ವರ ಬರಿಸುವುದು ತಪ್ಪು.

ಅಂಬಲಪಾಡಿ ಅಂಗಳ:
ನಾನು ಬಟ್ಟಲಿನಲ್ಲೇ ನೀರು ಕೊಡುವುದು. ಮೇಲಿಂದ ಹಾಕಿದರೆ ಎಲೆಯ ಅಂಟು ತೊಳೆದು ಹೋಗುತ್ತದೆ. ಬಟ್ಟಲು ಬೇಡ ಎಂದರೆ ಹೇಗೆ?

ಬಾವಿಕಟ್ಟೆ:
ಬಟ್ಟಲು ಬೇಡ ಎನ್ನಲಿಲ್ಲ. ನೀರು ನಿಲ್ಲುವುದು ಬೇಡ. ಅರ್ಧ ಗಂಟೆ ನೀರಿನಲ್ಲಿ ಇಡಿ, ಕುಂಡ ಕುಡಿಯುವಷ್ಟು ಕುಡಿಯಲಿ, ಉಳಿದದ್ದು ಚೆಲ್ಲಿ. ಮಳೆಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಹೀಗೆ ಮಾಡಿದರೆ ಮೆಕ್ಸಿಕನ್ ಜಾತಿಗೆ ಧಾರಾಳ ಆಯ್ತು. ಇನ್ನೊಂದು, ಚೆಲ್ಲಿದರೆ ಮಾತ್ರ ಸಾಲದು, ಬಟ್ಟಲನ್ನು ಉಜ್ಜಿ ತೊಳೆಯಬೇಕು. ಆ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿಗೆ, ಬಟ್ಟಲಿನ ಗೋಡೆಗೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ಬಿದ್ದ ಕೂಡಲೇ ಒಡೆಯುತ್ತದೆ.

ಹಳೆಯಂಗಡಿ ಹೊಳೆಬದಿ:
ಮೊಟ್ಟೆ ಗೋಡೆಯಲ್ಲಿ ಇರುವುದು ಗೊತ್ತೇ ಇರಲಿಲ್ಲ. ಅಂಗಳದ ಎಲ್ಲ ಕುಂಡಗಳ ಅಡಿತಟ್ಟೆ ಇವತ್ತೇ ಉಜ್ಜಿಸುತ್ತೇನೆ. ಗಿಡ ಒಂದೇ ತರಿಸುತ್ತೇನೆ.

ಉಳ್ಳಾಲ ತೆಂಗು:
ನೀರಿನ ಬಗ್ಗೆ ಯಾರೂ ಸರಿಯಾಗಿ ಕೇಳಲಿಲ್ಲ. ಬಿಜೈಯವರು ನಳ್ಳಿ ನೀರು ಎಂದಿದ್ದಾರೆ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣದ ಅಳತೆ, ಎಷ್ಟು? ನಮ್ಮ ಬಾವಿ ಕಡಲಿಗೆ ಹತ್ತಿರ. ಮಾರ್ಚ್ ಆದ ಮೇಲೆ ಬಾಯಿಗೆ ಉಪ್ಪು ಹತ್ತುತ್ತದೆ. ಅಂಥ ನೀರು ಈ ಗಿಡಕ್ಕೆ ವಿಷವೇ.

ಬಾವಿಕಟ್ಟೆ:
ಮಂಗಳೂರಿನ ನಳ್ಳಿಗೆ ಬರುವುದು ತುಂಬೆ ಅಣೆಕಟ್ಟಿನ ನೀರು, ಅಂದರೆ ನೇತ್ರಾವತಿ ನೀರು, ಸಾಮಾನ್ಯವಾಗಿ ಮೃದು. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಬಾವಿ ನೀರಂತೂ ಇನ್ನೂ ಒಳ್ಳೆಯದು. ಲವಣ ಕಡಿಮೆ, ಸ್ವಲ್ಪ ಹುಳಿ ಗುಣ. ಬೆಂಗಳೂರಿನ ಬೋರ್‌ವೆಲ್ ನೀರಿನವರು ಆರ್‌ಒ ಯಂತ್ರ ಇಟ್ಟುಕೊಂಡು ಒದ್ದಾಡುತ್ತಾರೆ. ನಮಗೆ ಆ ತಾಪತ್ರಯ ಇಲ್ಲ. ಆದರೂ ಒಂದು ಟಿಡಿಎಸ್ ಮೀಟರ್ ತೆಗೆದುಕೊಳ್ಳಿ. 50ರ ಕೆಳಗೆ ಇದ್ದರೆ ಕಣ್ಣು ಮುಚ್ಚಿ ಕೊಡಿ. 100 ದಾಟಿದರೆ ಮಳೆ ನೀರಿಗೆ ಹೋಗಿ. ಉಳ್ಳಾಲ, ಮಲ್ಪೆ, ಕೂಳೂರು ಹೊಳೆಬದಿ ಇಂಥ ಕಡೆಯವರು ಬೇಸಿಗೆಯಲ್ಲಿ ಬಾವಿ ನೀರು ಪರೀಕ್ಷೆ ಮಾಡದೆ ಹಾಕಲೇಬೇಡಿ.

ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಸೆಪ್ಟೆಂಬರ್‌ನಲ್ಲಿ ಎರಡು ಕ್ಯಾನ್ ತುಂಬಿಸಿ ಮುಚ್ಚಳ ಬಿಗಿದಿಟ್ಟರೆ ಒಂದು ಗಿಡಕ್ಕೆ ಮುಂದಿನ ಮಳೆಗಾಲದವರೆಗೆ ಬರುತ್ತದೆ.

ಮಣಿಪಾಲ ಮಾಳಿಗೆ:
ನೀರಿಗಿಂತ ಅವರ ಕೋಕೋಪೀಟ್ ಬಗ್ಗೆ ನನಗೆ ಚಿಂತೆ. ತೆಂಗಿನ ನಾರನ್ನು ಹಿನ್ನೀರಿನಲ್ಲಿ ಕೊಳೆಸುತ್ತಾರೆ, ಅದರಲ್ಲಿ ಉಪ್ಪು ಉಳಿದಿರುತ್ತದೆ. ನಾಲ್ಕೈದು ಸಲ ನೆನೆಸಿ ಹಿಂಡಿ, ತೊಳೆದ ನೀರಿಗೂ ಮೀಟರ್ ಹಾಕಿ ನೋಡಬೇಕು. ಅರ್ಧ ಕೋಕೋಪೀಟ್ ಎಂದರೆ ಮೆಕ್ಸಿಕನ್ ಪಿಂಗ್‌ಗೆ (ಪಿಂಗ್ವಿಕ್ಯುಲಾ, ಅಂದರೆ ಬಟರ್‌ವರ್ಟ್) ಜಾಸ್ತಿಯೇ. ಕಾಡಿನಲ್ಲಿ ಅವು ಬೆಳೆಯುವುದು ಸುಣ್ಣಕಲ್ಲು, ಜಿಪ್ಸಮ್ ಬಂಡೆಗಳ ಬಿರುಕಿನಲ್ಲಿ, ಮಣ್ಣೇ ಇಲ್ಲ ಎನ್ನುವಷ್ಟು ಕಡಿಮೆ ಜಾಗದಲ್ಲಿ. ನನ್ನದು ಪರ್ಲೈಟ್, ಪ್ಯೂಮಿಸ್, ತೊಳೆದ ದಪ್ಪ ಮರಳು, ಒಂದು ಹಿಡಿ ವರ್ಮಿಕ್ಯುಲೈಟ್. ಕೋಕೋಪೀಟ್ ಹೆಸರಿಗೆ ಮಾತ್ರ. ಇಷ್ಟು ಹಗುರ ಇದ್ದರೆ ಜುಲೈ ತಿಂಗಳ ಥಂಡಿಯಲ್ಲೂ ಬುಡ ಕೊಳೆಯುವುದಿಲ್ಲ.

ಉಳ್ಳಾಲ ತೆಂಗು:
ಮರಳು ಎಂದ ಕೂಡಲೇ ಯಾರೂ ಪಣಂಬೂರಿಗೆ ಚೀಲ ಹಿಡಿದು ಹೊರಡಬೇಡಿ. ಕಡಲ ಮರಳಲ್ಲಿ ಉಪ್ಪು.

ಹಟ್ಟಿಗೊಬ್ಬರ:
ನಾನು ಮೊದಲಿನಿಂದ ಓದುತ್ತಿದ್ದೇನೆ. ಗೊಬ್ಬರ ಯಾಕೆ ಬೇಡ ಎಂದು ಯಾರೂ ಕಾರಣ ಹೇಳಲಿಲ್ಲ. ಗಿಡ ಅಂದ ಮೇಲೆ ಆಹಾರ ಬೇಡವಾ?

ಬಾಟನಿ ಓದುವವಳು:
ಬೇಕು, ಆದರೆ ಅದು ಬೇರಿನಿಂದ ಊಟ ಮಾಡುವ ಗಿಡ ಅಲ್ಲ. ಬೇರು ತೆಳು, ಕಡಿಮೆ. ಸಾರ ಇಲ್ಲದ ಜಾಗದಲ್ಲಿ ಬದುಕಲಿಕ್ಕೆಂದೇ ಅದು ಎಲೆಯಲ್ಲಿ ತಿನ್ನುವುದನ್ನು ಕಲಿತದ್ದು. ಎಲೆಯ ಮೇಲೆ ಎರಡು ಬಗೆಯ ಗ್ರಂಥಿ ಉಂಟು. ಒಂದಕ್ಕೆ ಸಣ್ಣ ಕಡ್ಡಿ, ತುದಿಯಲ್ಲಿ ಅಂಟಿನ ಹನಿ. ಹುಳ ಒದ್ದಾಡಿದಷ್ಟೂ ಇನ್ನಷ್ಟು ಹನಿಗೆ ತಾಗುತ್ತದೆ. ಇನ್ನೊಂದು ಬಗೆಯದ್ದು ಎಲೆಗೆ ಅಂಟಿಕೊಂಡೇ ಇರುತ್ತದೆ, ಜೀರ್ಣರಸ ಬಿಡುವುದು ಅದು. ಕೆಲವು ಜಾತಿಗಳಲ್ಲಿ ಎಲೆಯ ಅಂಚು ನಿಧಾನಕ್ಕೆ ಒಳಗೆ ಮಡಚಿಕೊಂಡು ರಸ ಹರಿದು ಹೋಗದ ಹಾಗೆ ತಡೆಯುತ್ತದೆ. ಡಾರ್ವಿನ್ 1875ರಲ್ಲೇ ಇದನ್ನು ಪರೀಕ್ಷೆ ಮಾಡಿ ಬರೆದಿದ್ದ. ಹುಳದ ಜೊತೆ ಗಾಳಿಯಲ್ಲಿ ಬಂದು ಬೀಳುವ ಪರಾಗವನ್ನೂ ಇದು ಅರಗಿಸುತ್ತದೆ ಎಂದೂ ಅವನು ನೋಡಿದ್ದ. ನನಗೆ ಇವತ್ತಿಗೂ ಅದು ಆಶ್ಚರ್ಯವೇ.

ಇಂಥ ಬೇರಿಗೆ ಹಟ್ಟಿಗೊಬ್ಬರ ಹಾಕಿದರೆ ಲವಣದಿಂದ ಸುಟ್ಟು ಹೋಗುತ್ತದೆ.

ಹಟ್ಟಿಗೊಬ್ಬರ:
ಆಯ್ತು, ಒಪ್ಪಿದೆ. ಹುಳ ಸಿಗದ ಮನೆಯಲ್ಲಿ ಎಂತ ಮಾಡುವುದು? ಒಣ ಮೀನು ಪುಡಿ ಹಾಕಬಹುದಾ?

ಕಾಪು ಕೈತೋಟ:
ಒಣ ಮೀನು ಬೇಡ, ಅದರಲ್ಲಿ ಉಪ್ಪು ಇರುತ್ತದೆ. ಅಕ್ವೇರಿಯಂ ಮೀನಿಗೆ ಹಾಕುವ ಆಹಾರವನ್ನು ನುಣ್ಣಗೆ ಪುಡಿ ಮಾಡಿ, ಒಂದೆರಡು ಎಲೆಗೆ ಚಿಟಿಕೆಗಿಂತ ಕಡಿಮೆ ಉದುರಿಸಿ. ಎರಡು ಮೂರು ವಾರಕ್ಕೊಮ್ಮೆ, ಅಂಟಿನ ಎಲೆ ಇರುವ ಕಾಲದಲ್ಲಿ ಮಾತ್ರ. ಜಾಸ್ತಿ ಹಾಕಿದರೆ ಬೂಷ್ಟು ಬರುತ್ತದೆ. ಈಗ ಬಿಜೈಯವರ ಗಿಡಕ್ಕೆ ಏನೂ ಹಾಕುವಂತಿಲ್ಲ, ಆ ದಪ್ಪ ಎಲೆಗೆ ತಿನ್ನಲಿಕ್ಕೆ ಬರುವುದಿಲ್ಲ.

ಪದವು ಸುತ್ತುವವ:
ಇಷ್ಟೆಲ್ಲ ಕಷ್ಟ ಯಾಕೆ? ಮಳೆಗಾಲ ಮುಗಿಯುವಾಗ ನಮ್ಮ ಪದವಿನಲ್ಲೇ, ಅಂದರೆ ಮುರಕಲ್ಲಿನ ಎತ್ತರದ ಬಯಲಿನಲ್ಲೇ, ಹುಳ ತಿನ್ನುವ ಗಿಡಗಳು ಬೇಕಾದಷ್ಟು ಇರುತ್ತವೆ. ಕೆಂಪು ಕೂದಲಿನ ಡ್ರೋಸೆರಾ, ನೀಲಿ ಹೂವಿನ ಯುಟ್ರಿಕ್ಯುಲೇರಿಯಾ. ಮುರಕಲ್ಲಿನ ಮೇಲೆ ನೀರು ಜಿನುಗುವ ಕಡೆ ನೋಡಿ. ಯುಟ್ರಿಕ್ಯುಲೇರಿಯಾ ಅಂತೂ ಬಟರ್‌ವರ್ಟ್‌ನ ಕುಟುಂಬದ್ದೇ.

ಹಟ್ಟಿಗೊಬ್ಬರ:
ಹಾಗಾದರೆ ನಾಲ್ಕು ಕಿತ್ತು ತಂದು ಕುಂಡದಲ್ಲಿ ಹಾಕಿದರೆ ಆಯ್ತಲ್ಲ, ಖರ್ಚಿಲ್ಲದೆ.

ಪದವು ಸುತ್ತುವವ:
ದಯವಿಟ್ಟು ಬೇಡ. ನಾನು ಹೇಳಿದ್ದು ಹೋಗಿ ನೋಡಿ ಎಂದು, ಕೀಳಿ ಎಂದು ಅಲ್ಲ. ಡ್ರೋಸೆರಾ ಇಂಡಿಕಾ ಒಂದೇ ವರ್ಷದ ಗಿಡ. ಮಳೆಯಲ್ಲಿ ಹುಟ್ಟಿ, ಬೀಜ ಉದುರಿಸಿ, ಒಣಗಿ ಹೋಗುತ್ತದೆ. ನೀವು ಕಿತ್ತು ತಂದರೆ ಮನೆಯಲ್ಲೂ ಅದು ಸಾಯುತ್ತದೆ, ಪದವಿಗೂ ಬೀಜ ಸಿಗುವುದಿಲ್ಲ. ಮಣ್ಣೇ ಇಲ್ಲದ ಆ ಕಲ್ಲಿನ ಮೇಲೆ ಏನೂ ಬೆಳೆಯುವುದಿಲ್ಲ ಎಂದು ಜನ ಅದನ್ನು ಪಾಳು ಜಾಗ ಎನ್ನುತ್ತಾರೆ. ಕಲ್ಲು ಕೋರೆ, ಲೇಔಟ್, ರಸ್ತೆ ಎಲ್ಲ ಮೊದಲು ಬರುವುದು ಅಲ್ಲಿಗೇ. ಸೆಪ್ಟೆಂಬರ್‌ನಲ್ಲಿ ಒಮ್ಮೆ ಮೊಣಕಾಲೂರಿ ಕೂತು ನೋಡಿ, ಪಾಳು ಎಂಬ ಮಾತು ಬಾಯಿಗೆ ಬರುವುದಿಲ್ಲ.

ಬಾಟನಿ ಓದುವವಳು:
ಪದವು ಸುತ್ತುವವರ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ಫೋಟೋ ಹಾಕುವಾಗಲೂ ನಿಖರ ಜಾಗ ಹಾಕಬೇಡಿ.

ಅಂಬಲಪಾಡಿ ಅಂಗಳ:
ಭಾರತದಲ್ಲಿ ಕಾಡು ಬಟರ್‌ವರ್ಟ್ ಇಲ್ಲವಾ?

ಬಾಟನಿ ಓದುವವಳು:
ಉಂಟು, ಹಿಮಾಲಯದಲ್ಲಿ. ಪಿಂಗ್ವಿಕ್ಯುಲಾ ಆಲ್ಪಿನಾ, ಬಿಳಿ ಹೂ. ಅದು ಚಳಿಗಾಲದಲ್ಲಿ ಮೊಗ್ಗಿನ ಹಾಗೆ ಮುದುಡಿ ಹಿಮದ ಕೆಳಗೆ ಮಲಗುವ ಗಿಡ. ನಮ್ಮ ಕಡೆ ಅದಕ್ಕೆ ದಾರಿಯೇ ಇಲ್ಲ. ಯುರೋಪಿನ ವಲ್ಗಾರಿಸ್, ಗ್ರಾಂಡಿಫ್ಲೋರಾ ಕೂಡ ಹಾಗೆಯೇ.

ಹಳೆಯಂಗಡಿ ಹೊಳೆಬದಿ:
ಆನ್‌ಲೈನ್‌ನಲ್ಲಿ ವಲ್ಗಾರಿಸ್ ಬೀಜ ಸಿಗುತ್ತದೆ. ಫ್ರಿಜ್‌ನಲ್ಲಿ ಇಟ್ಟು ಬೆಳೆಸಬಹುದು ಎಂದು ಬರೆದಿದ್ದಾರೆ.

ಮಣಿಪಾಲ ಮಾಳಿಗೆ:
ದುಡ್ಡು ಹಾಳು. ವರ್ಷವರ್ಷವೂ ತಿಂಗಳುಗಟ್ಟಲೆ ಫ್ರಿಜ್‌ನಲ್ಲಿ ಮಲಗಿಸಿ, ಎದ್ದ ಮೇಲೆ ಮೇ ತಿಂಗಳ ಸೆಕೆಯಲ್ಲಿ ಎಲ್ಲಿ ಇಡುತ್ತೀರಿ? ಆ ಬೀಜ ಮಾರುವವರ ಚಿತ್ರಗಳಲ್ಲಿ ನೀಲಿ ಎಲೆ, ಕಾಮನಬಿಲ್ಲಿನ ಬಣ್ಣದ ಎಲೆ ಇದ್ದರೆ ಅದು ಮೋಸ. ನಿಜವಾದ ಬಟರ್‌ವರ್ಟ್ ಬೀಜ ಧೂಳಿನಷ್ಟು ಸಣ್ಣ. ಸಾಸಿವೆ ಗಾತ್ರದ ಬೀಜ ಬಂದರೆ ಬೇರೆ ಯಾವುದೋ ಗಿಡದ್ದು.

ಹೊಸಬರಿಗೆ ಅಗ್ನಾಟಾ, ಮೊರಾನೆನ್ಸಿಸ್, ಅಥವಾ ಇವುಗಳ ಮಿಶ್ರತಳಿ. ಗಿಗಾಂಟಿಯಾ ಕೂಡ ಒಳ್ಳೆಯದು. ವಹಾಕಾ ಪ್ರಾಂತ್ಯದ್ದು, ಎಲೆಯ ಕೆಳಗೂ ಅಂಟು ಇರುವ ಅಪರೂಪದ ಗಿಡ. ಒದ್ದೆ ಬಿಡಲಿಕ್ಕೆ ಮನಸ್ಸಾಗದವರು ಅಮೆರಿಕದ ದಕ್ಷಿಣ ಕರಾವಳಿಯ ಪ್ರಿಮುಲಿಫ್ಲೋರಾ ನೋಡಿ. ಅದಕ್ಕೆ ವಿಶ್ರಾಂತಿ ಬೇಡ, ಜೌಗು ಇಷ್ಟ, ಎಲೆಯ ತುದಿಯಲ್ಲೇ ಮರಿ ಹಾಕುತ್ತದೆ. ಆಯುಷ್ಯ ಕಡಿಮೆ. ಆದರೆ ಮರಿಗಳಿಂದ ಮುಂದುವರಿಯುತ್ತದೆ.

ಬಿಜೈ ಬಾಲ್ಕನಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಟ್ಟಲು ತೆಗೆದೆ. ಮೀಟರ್ ಒಬ್ಬರು ಗೆಳೆಯರಿಂದ ತಂದು ನೋಡಿದೆ, ನಳ್ಳಿ ನೀರು 50ರ ಒಳಗೇ ಉಂಟು. ಈಗ ಹೊಸ ತೊಂದರೆ. ಬುಡದ ಹತ್ತಿರ ಬಿಳಿ ಹತ್ತಿಯಂಥದ್ದು ಕಾಣುತ್ತಿದೆ. ಇರುವೆಯೂ ಓಡಾಡುತ್ತಿದೆ.

ಹಟ್ಟಿಗೊಬ್ಬರ:
ಹಿಟ್ಟು ತಿಗಣೆ ಅದು. ಬೇವಿನ ಎಣ್ಣೆ, ಸೋಪು ನೀರು ಸಿಂಪಡಿಸಿ. ದಾಸವಾಳಕ್ಕೆ ನಾವು ಅದನ್ನೇ ಮಾಡುವುದು.

ಕಾಪು ಕೈತೋಟ:
ದಾಸವಾಳದ ಎಲೆ ಬೇರೆ. ಬಟರ್‌ವರ್ಟ್ ಎಲೆಯ ಗ್ರಂಥಿಗಳ ಹತ್ತಿರ ಮೇಲ್ಪದರದಲ್ಲಿ ಸಣ್ಣ ಸಣ್ಣ ತೆರಪು ಇರುತ್ತದೆ. ರಸ ಹೀರಲಿಕ್ಕೆ ಅದು ಬೇಕು. ಎಣ್ಣೆ, ಸೋಪು ಅಲ್ಲಿಂದಲೇ ಒಳಗೆ ಇಳಿದು ಎಲೆ ಸುಡುತ್ತದೆ. ಸಣ್ಣ ಬ್ರಷ್ಷಿನ ತುದಿಗೆ ಸರ್ಜಿಕಲ್ ಸ್ಪಿರಿಟ್ ಮುಟ್ಟಿಸಿ, ತಿಗಣೆಗೆ ಮಾತ್ರ ತಾಗಿಸಿ. ಎರಡು ಮೂರು ದಿನ ಬಿಟ್ಟು ಮತ್ತೆ ನೋಡಿ, ಮರಿಗಳು ಎಲೆಯ ಸಂದಿನಲ್ಲಿ ಉಳಿದಿರುತ್ತವೆ.

ಹಟ್ಟಿಗೊಬ್ಬರ:
ಬೇವು ಸಹ ಬೇಡ ಎಂದರೆ ಸ್ವಲ್ಪ ಅತಿಯಾಯಿತು. ತುಂಬಾ ತೆಳು ಮಾಡಿ ಹಾಕಬಹುದು.

ಮಣಿಪಾಲ ಮಾಳಿಗೆ:
ಈಗ ದಪ್ಪ ಎಲೆ ಇರುವಾಗ ತಡೆದುಕೊಂಡೀತು. ಅಂಟಿನ ಎಲೆಗೆ ನಾನಂತೂ ಹಾಕುವುದಿಲ್ಲ. ಇರುವೆಯನ್ನೂ ತಡೆಯಿರಿ. ತಿಗಣೆಯನ್ನು ಹೊತ್ತು ತಂದು ಸಾಕುವುದು ಅವೇ. ಸ್ಟ್ಯಾಂಡಿನ ಕಾಲಿಗೆ ವ್ಯಾಸಲೀನ್ ಬಳಿದರೆ ಸಾಕು. ನೀರಿನ ತಟ್ಟೆ ಇಡಬೇಡಿ, ಬಾವಿಕಟ್ಟೆಯವರು ಹೇಳಿದ್ದು ನೆನಪಿರಲಿ.

ಉಳ್ಳಾಲ ತೆಂಗು:
ವಿಷಯಾಂತರಕ್ಕೆ ಕ್ಷಮಿಸಿ. ಬಟರ್‌ವರ್ಟ್ ಎಲೆಯಿಂದ ಮೊಸರು ಮಾಡುತ್ತಾರೆ ಎಂದು ಎಲ್ಲೋ ಓದಿದೆ. ನಿಜವಾ?

ಬಾಟನಿ ಓದುವವಳು:
ಸ್ವೀಡನ್, ನಾರ್ವೆಯ ಹಳ್ಳಿಗಳಲ್ಲಿ ಬಿಸಿ ಹಾಲನ್ನು ಈ ಎಲೆಗಳ ಮೇಲೆ ಸುರಿದು, ಎಳೆ ಎಳೆಯಾಗಿ ಬರುವ ಗಟ್ಟಿ ಹಾಲು ಮಾಡುತ್ತಿದ್ದರು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 18ನೇ ಶತಮಾನದಲ್ಲಿ ಇದನ್ನು ಬರೆದಿದ್ದಾನೆ. ಹಾಲಿಗೆ ಆ ಎಳೆ ಬರಿಸುವುದು ಒಂದು ಬಗೆಯ ಬ್ಯಾಕ್ಟೀರಿಯಾ. ಆಮೇಲೆ ಹೆಪ್ಪು ಹಾಕುತ್ತಾ ಹೋಗುವುದು ನಮ್ಮ ಮೊಸರಿನ ಕ್ರಮವೇ. ನಿಮ್ಮ ಗಿಡದ ಎಲೆ ಹಾಲಿಗೆ ಹಾಕಬೇಡಿ, ಅದಕ್ಕಿಂತ ಒಳ್ಳೆಯ ಉಪಯೋಗ ಉಂಟು. ಮರಿ ಮಾಡಿ.

ಬಿಜೈ ಬಾಲ್ಕನಿ:
ಮರಿ ಈಗ ಮಾಡಬಹುದಾ?

ಮಣಿಪಾಲ ಮಾಳಿಗೆ:
ಇದೇ ಸರಿಯಾದ ಕಾಲ, ತಿಗಣೆ ಹೋದ ಮೇಲೆ. ದಪ್ಪ ಎಲೆಯನ್ನು ಬುಡದ ಬಿಳಿ ಭಾಗದ ಸಮೇತ, ಪಕ್ಕಕ್ಕೆ ಮೆಲ್ಲ ಎಳೆದು ಬಿಡಿಸಿ. ಕತ್ತರಿಸಬಾರದು. ಮರಿ ಹುಟ್ಟುವುದು ಆ ಬಿಳಿ ಬುಡದಿಂದಲೇ. ಒಂದು ಗಿಡದಿಂದ ಮೂರು ನಾಲ್ಕಕ್ಕಿಂತ ಜಾಸ್ತಿ ಬೇಡ. ತೇವದ ಪರ್ಲೈಟ್ ಮೇಲೆ ಮಲಗಿಸಿ, ಹೂಳಬೇಡಿ. ಡಬ್ಬಕ್ಕೆ ಸಣ್ಣ ತೂತು ಮಾಡಿದ ಮುಚ್ಚಳ, ನೆರಳಿನ ಬೆಳಕು. ಕೆಲವು ವಾರಗಳಲ್ಲಿ ಬುಡದಲ್ಲಿ ಹಸಿರು ಚುಕ್ಕೆ ಕಾಣುತ್ತದೆ. ತಾಯಿ ಎಲೆ ಪೂರ್ತಿ ಕರಗುವವರೆಗೆ ಕೀಳಬೇಡಿ.

ಆಮೇಲೆ ನಿಜವಾದ ಪರೀಕ್ಷೆ ಏಪ್ರಿಲ್, ಮೇ. ಮೆಕ್ಸಿಕೋದ ಬೆಟ್ಟದಲ್ಲಿ ರಾತ್ರಿ ತಂಪಾಗುತ್ತದೆ. ನಮ್ಮಲ್ಲಿ ರಾತ್ರಿಯೂ 26 ಡಿಗ್ರಿ. ಮಣ್ಣಿನ ಕುಂಡ, ಗಾಳಿ ಆಡುವ ಜಾಗ, ಬೇಕಾದರೆ ಸಣ್ಣ ಫ್ಯಾನ್. ಮಧ್ಯಾಹ್ನದ ಬಿಸಿಲು ಬೇಡ. ಮೊದಲ ಮಳೆ ಬಂದು ವಾತಾವರಣ ತಂಪಾದ ಮೇಲೆ ಅಗಲ ಎಲೆ ಹೊರಡುತ್ತದೆ. ಆಗ ನೀರು ಹೆಚ್ಚಿಸಿ. ಕುಂಡ ಮಾತ್ರ ಮಾಡಿನ ಕೆಳಗೇ ಇರಲಿ, ಜೂನ್ ಮಳೆ ನೇರ ಬಿದ್ದರೆ ಅಂಟು ಒಂದು ದಿನವೂ ನಿಲ್ಲುವುದಿಲ್ಲ. ಬಸವನಹುಳು ಕೂಡ ಆಗಲೇ ಬರುವುದು.

ಅಂಬಲಪಾಡಿ ಅಂಗಳ:
ಮಣ್ಣಿನ ಕುಂಡದಿಂದ ಲವಣ ಇಳಿಯುವುದಿಲ್ಲವಾ?

ಮಣಿಪಾಲ ಮಾಳಿಗೆ:
ಡ್ರೋಸೆರಾಕ್ಕೆ, ವೀನಸ್ ಫ್ಲೈಟ್ರಾಪ್‌ಗೆ ಅದು ತೊಂದರೆ. ಸುಣ್ಣಕಲ್ಲಿನ ಮೇಲೆ ಬೆಳೆಯುವ ಮೆಕ್ಸಿಕನ್ ಪಿಂಗ್ ಅಷ್ಟು ನಾಜೂಕಲ್ಲ. ಹೊಸ ಕುಂಡವನ್ನು ಮಳೆ ನೀರಿನಲ್ಲಿ ಎರಡು ದಿನ ನೆನೆಸಿಟ್ಟರೆ ಸಾಕು.

ಹಳೆಯಂಗಡಿ ಹೊಳೆಬದಿ:
ಅಂಬಲಪಾಡಿಯವರೇ, ನಿಮ್ಮ ಅಗ್ನಾಟಾದ ಎರಡು ಎಲೆ ಕೊಡುತ್ತೀರಾ? ಬದಲಿಗೆ ಬಿಳಿ ಆಂಥೂರಿಯಂ ಮರಿ ಕೊಡುತ್ತೇನೆ.

ಅಂಬಲಪಾಡಿ ಅಂಗಳ:
ಖಂಡಿತ. ಕೊರಿಯರ್ ಮಾಡಲಾ?

ಕಾಪು ಕೈತೋಟ:
ಕೊರಿಯರ್ ಮಾಡುವುದಾದರೆ ಒದ್ದೆ ಕಾಗದದಲ್ಲಿ ಸುತ್ತಬೇಡಿ, ದಾರಿಯಲ್ಲೇ ಕೊಳೆಯುತ್ತದೆ. ಒಣ ಟಿಶ್ಯೂ, ಗಟ್ಟಿ ಡಬ್ಬ. ಉಡುಪಿಯಿಂದ ಹಳೆಯಂಗಡಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಕೈಯಲ್ಲೇ ಕೊಟ್ಟರೆ ಇನ್ನೂ ಒಳ್ಳೆಯದು.